ಮೊದಲ ಮೆಟ್ಟಿಲಲ್ಲಿ ಆಡಿದ ಮಾತು

“ಕೊಂದವನಿಗೆ ಮೂರು ಕೋರ್ಟು ಯಾಕ ಬೇಕು?”

ನಮ್ಮ ಬೊಮ್ರಾಸಪೇಟ್ ಕಡೆ ಈ ಪ್ರಶ್ನೆ ಕೇಳದವರು ಕಡಿಮೆ. ಪೇಪರಿನಲ್ಲಿ ಒಂದು ಕೊಲೆಯ ಸುದ್ದಿ ಬಂತೆಂದರೆ ಚಹಾದಂಗಡಿಯಲ್ಲಿ ಕೂತವರು ಇದನ್ನೇ ಕೇಳುತ್ತಾರೆ. “ಅವ ಕೊಂದಾನ ಅಂತ ಊರಿಗೆಲ್ಲ ಗೊತ್ತದ. ಅವನಿಗೆ ಕೆಳಗಿನ ಕೋರ್ಟು, ಹೈಕೋರ್ಟು, ಸುಪ್ರೀಂ ಕೋರ್ಟು, ಆಮ್ಯಾಲ ರಾಷ್ಟ್ರಪತಿ. ಸತ್ತವರಿಗೆ ಎಷ್ಟು ಕೋರ್ಟು ಇದ್ದವು?” ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮಗಳನ್ನೋ ಮಗನನ್ನೋ ಕಳೆದುಕೊಂಡ ಮನೆಯವರು ಪ್ರತಿ ಪೇಶಿಗೂ ಬಸ್ಸಿನ ಖರ್ಚು ಹಾಕಿಕೊಂಡು, ಕೂಲಿ ಬಿಟ್ಟು ಹೋಗಿ, “ಮುಂದಿನ ತಾರೀಖು” ಅಂತ ಕೇಳಿಕೊಂಡು ಬರುವುದನ್ನು ನೋಡಿದವರಿಗೆ ಈ ಸಿಟ್ಟು ಬಂದೇ ಬರುತ್ತದೆ. ಬರದಿದ್ದರೆ ಅವರು ಮನುಷ್ಯರಲ್ಲ.

ಆದರೂ ಈ ಪ್ರಶ್ನೆಯನ್ನು ಪೂರಾ ಬಿಚ್ಚಿ ನೋಡಬೇಕು ಅಂತ ನನಗೆ ಅನಿಸಿದೆ. ನಮ್ಮ ವಾಚನಾಲಯದ ಪುಸ್ತಕಕ್ಕೆ ಅದನ್ನೇ ಬರೆಯುತ್ತೇನೆ.

ಮೊದಲು ನಮ್ಮ ಪಕ್ಕದಲ್ಲೇ ಆದ ಒಂದು ಸಂಗತಿ. 2019ರ ನವೆಂಬರ್ 27ರ ರಾತ್ರಿ ಹೈದರಾಬಾದಿನ ಶಂಷಾಬಾದ್ ಹತ್ತಿರ ಒಬ್ಬ ಪಶುವೈದ್ಯೆಯ ಮೇಲೆ ಅತ್ಯಾಚಾರ ಮಾಡಿ, ಕೊಂದು, ಶಾದ್‌ನಗರ ಕಡೆ ಚಟಾನ್‌ಪಲ್ಲಿಯ ಸೇತುವೆ ಕೆಳಗೆ ಸುಟ್ಟರು. ದೇಶವೆಲ್ಲ ಕುದಿಯಿತು. ಪೊಲೀಸರು ನಾಲ್ವರನ್ನು ಹಿಡಿದರು. ಅವರು ನಮ್ಮ ನೆರೆಯ ನಾರಾಯಣಪೇಟ್ ಜಿಲ್ಲೆಯವರು. ಕೇಸು ಬೇಗ ನಡೆಸಲಿಕ್ಕೆ ಮಹಬೂಬ್‌ನಗರದಲ್ಲಿ ವಿಶೇಷ ಕೋರ್ಟು ಮಾಡಬೇಕೆಂದೂ ಆಗಿತ್ತು. ಆದರೆ ಡಿಸೆಂಬರ್ 6ರ ನಸುಕಿನಲ್ಲಿ ಪೊಲೀಸರು ಆ ನಾಲ್ವರನ್ನೂ ಚಟಾನ್‌ಪಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿ ಅವರು ಆಯುಧ ಕಸಿದುಕೊಂಡು ಓಡಲಿಕ್ಕೆ ನೋಡಿದರು, ಅದಕ್ಕೆ ಗುಂಡು ಹಾರಿಸಿದೆವು ಅಂತ ಹೇಳಿದರು. ನಾಲ್ವರೂ ಸತ್ತರು. ಜನ ಪೊಲೀಸರ ಮೇಲೆ ಹೂ ಎರಚಿದರು. ನಮ್ಮ ಕಡೆಯೂ ಬಹಳ ಮಂದಿ “ಒಂಬತ್ತು ದಿನದಾಗ ನ್ಯಾಯ ಆತು ನೋಡ್ರಿ” ಅಂದರು.

ಸುಪ್ರೀಂ ಕೋರ್ಟು ಇದನ್ನು ವಿಚಾರಿಸಲು ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಅವರ ಆಯೋಗವನ್ನು ನೇಮಿಸಿತು. ವರದಿ 2022ರ ಮೇ ತಿಂಗಳಲ್ಲಿ ಹೊರಗೆ ಬಂತು. ಪೊಲೀಸರು ಹೇಳಿದ್ದು ನಂಬುವಂಥದ್ದಲ್ಲ, ಸಾಯಲಿ ಅಂತಲೇ ಗುಂಡು ಹಾರಿಸಿದ್ದಾರೆ, ನಾಲ್ವರಲ್ಲಿ ಮೂವರಿಗೆ ಆಗ 18 ವರ್ಷ ತುಂಬಿರಲಿಲ್ಲ, ಹತ್ತು ಮಂದಿ ಪೊಲೀಸರ ಮೇಲೆ ವಿಚಾರಣೆ ಆಗಬೇಕು ಅಂತ ಆ ವರದಿ ಹೇಳಿತು. ವಿಷಯ ತೆಲಂಗಾಣ ಹೈಕೋರ್ಟಿಗೆ ಹೋಯಿತು.

ಆ ನಾಲ್ವರು ತಪ್ಪು ಮಾಡಿದ್ದರು ಅಂತಲೂ ನಾನು ಹೇಳುವುದಿಲ್ಲ, ಮಾಡಿರಲಿಲ್ಲ ಅಂತಲೂ ಹೇಳುವುದಿಲ್ಲ. ಈಗ ಅದನ್ನು ಯಾರೂ ಹೇಳಲಾರರು. ಆ ಮಗಳಿಗೆ ಅವತ್ತು ರಾತ್ರಿ ಏನಾಯಿತು, ಯಾರು ಏನು ಮಾಡಿದರು ಅನ್ನುವುದನ್ನು ಯಾವ ಕೋರ್ಟಿನಲ್ಲೂ ಯಾರೂ ಪ್ರಮಾಣ ಮಾಡಿ ಹೇಳದೇ ಹೋಯಿತು. ಆ ಮಾತು ಅವರ ಜೊತೆಗೇ ಮಣ್ಣಾಯಿತು. ಇದರಿಂದ ಕೆಟ್ಟದ್ದಾದದ್ದು ನಾಲ್ವರ ಮನೆಗೆ ಮಾತ್ರ ಅಲ್ಲ, ಆ ಮಗಳ ಮನೆಗೂ ಆಯಿತು ಅಂತ ನಾನು ತಿಳಿದಿದ್ದೇನೆ.

ಜನ ಹೂ ಎರಚಿದ್ದು ಯಾಕೆ ಅಂತ ನನಗೆ ತಿಳಿಯುತ್ತದೆ. ನಾನು ಹಾಡುವವ, ಬಯಲಾಟದ ಮುಂದೆ ಕೂತು ಬೆಳೆದವ. ಆಟದಲ್ಲಿ ಕೆಟ್ಟವ ಬೆಳಗಾಗುವುದರೊಳಗೆ ಸಾಯಬೇಕು, ಇಲ್ಲದಿದ್ದರೆ ಕೂತ ಮಂದಿ ಏಳುವುದಿಲ್ಲ. ಆದರೆ ಆಟಕ್ಕೂ ಊರಿಗೂ ಒಂದು ದೊಡ್ಡ ಫರಕು ಅದೆ. ‘ಸಂಗ್ಯಾ ಬಾಳ್ಯಾ’ ಆಟದಾಗ ಸಂಗ್ಯಾನನ್ನು ಯಾರು ಕೊಂದರು, ಯಾರು ಮೋಸದಿಂದ ಕರಕೊಂಡು ಹೋದರು ಅನ್ನುವುದು ಕೂತವರಿಗೆಲ್ಲ ಗೊತ್ತು. ಕಣ್ಣ ಮುಂದೆಯೇ ಆಗಿರುತ್ತದೆ. ಊರೊಳಗೆ ಕೊಲೆಯಾದಾಗ ಹಂಗಲ್ಲ. ಕತ್ತಲೆಯಲ್ಲಿ ಆಗಿರುತ್ತದೆ, ಹೊಲದ ಬದುವಿನ ಆಚೆ ಆಗಿರುತ್ತದೆ. “ಊರಿಗೆಲ್ಲ ಗೊತ್ತದ” ಅನ್ನುವವರಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ “ನೀ ನೋಡಿದಿ ಏನು?” ಅಂತ ಕೇಳಿದರೆ, “ನಾ ನೋಡಿಲ್ಲ, ಅವರು ಅಂದರು” ಅನ್ನುತ್ತಾರೆ. ಅವರನ್ನು ಕೇಳಿದರೆ ಮತ್ತೊಬ್ಬರ ಹೆಸರು ಹೇಳುತ್ತಾರೆ. ಊರಿಗೆಲ್ಲ ಗೊತ್ತಿರುವುದು ಎಷ್ಟೋ ಸಲ ಯಾರಿಗೂ ಗೊತ್ತಿರುವುದಿಲ್ಲ.

ಹರಿಶ್ಚಂದ್ರನ ಕಥೆಯಲ್ಲಿ ಇದೇ ಅದೆ. ಕಾಶಿ ರಾಜನ ಮಗನನ್ನು ಕೊಂದಳು ಅಂತ ಚಂದ್ರಮತಿಯ ಮೇಲೆ ಸುಳ್ಳು ಆರೋಪ ಬಂತು. ಕೂಸಿನ ಹೆಣದ ಹತ್ತಿರ ಸಿಕ್ಕಿದ್ದಳು, ಅಷ್ಟೇ ಸಾಕಾಯಿತು. ರಾಜ ತಲೆ ಕಡಿಯಿರಿ ಅಂದ. ಕಡಿಯುವ ಕೆಲಸ ಗಂಡನ ಪಾಲಿಗೇ ಬಂತು. ಕಥೆಯಲ್ಲಿ ಕತ್ತಿ ಎತ್ತಿದಾಗ ಶಿವ ಬಂದು ಉಳಿಸುತ್ತಾನೆ. ಆ ಜಾಗದಲ್ಲಿ ನಮ್ಮ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದೇ ಮಂದಿ ಮರುದಿನ ಪೇಪರ್ ಓದಿಸಿಕೊಂಡು “ಅವನನ್ನ ಅಲ್ಲೇ ಗುಂಡು ಹೊಡೀಬೇಕಿತ್ತು” ಅನ್ನುತ್ತಾರೆ. ಎರಡೂ ಒಂದೇ ಮನಸ್ಸಿನಿಂದ ಬಂದ ಮಾತು, ಒಂದು ದಯೆ, ಒಂದು ಸಿಟ್ಟು. ಆದರೆ ಕಲಿಯುಗದಲ್ಲಿ ಕತ್ತಿ ಎತ್ತಿದಾಗ ಶಿವ ಬರುವುದಿಲ್ಲ. ಅದಕ್ಕೇ ಹಿರಿಯರು ಮೇಲಿನ ಕೋರ್ಟು ಇಟ್ಟಿದ್ದಾರೆ ಅಂತ ನನ್ನ ತಿಳುವಳಿಕೆ.

ಈಗ ಈ ಮೆಟ್ಟಿಲುಗಳು ಹೇಗಿವೆ ಅಂತ ಸರಳವಾಗಿ ಹೇಳುತ್ತೇನೆ. ನಾನು ಓದಿದ್ದು ಏಳನೇ ಇಯತ್ತೆ. ಇದನ್ನೆಲ್ಲ ವಕೀಲರನ್ನು, ಮಾಸ್ತರರನ್ನು ಕೇಳಿ ತಿಳಕೊಂಡದ್ದು.

ಕೊಲೆಯಾದರೆ ಮೊದಲು ಠಾಣೆಯಲ್ಲಿ ಎಫ್‌ಐಆರ್ ಬರೆಯುತ್ತಾರೆ. ಪೊಲೀಸರು ಬಂದು ಪಂಚರ ಮುಂದೆ ಪಂಚನಾಮೆ ಮಾಡುತ್ತಾರೆ. ಹಿಡಿದವನನ್ನು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕೊಲೆಯಂಥ ಕೇಸಿನಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಹಿಡಿದವನಿಗೆ ಜಾಮೀನು ಕೇಳುವ ಹಕ್ಕು ಬರುತ್ತದೆ. ಪೊಲೀಸರ ಮುಂದೆ “ನಾನೇ ಕೊಂದೆ” ಅಂತ ಒಪ್ಪಿಕೊಂಡರೂ ಆ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. ಲಾಠಿ ಮುಂದಿದ್ದರೆ ಯಾರು ಏನು ಬೇಕಾದರೂ ಒಪ್ಪಿಕೊಂಡಾರು.

ಕೊಲೆಯ ಕೇಸನ್ನು ಮ್ಯಾಜಿಸ್ಟ್ರೇಟರು ನಡೆಸುವುದಿಲ್ಲ, ಸೆಷನ್ಸ್ ಕೋರ್ಟಿಗೆ ಒಪ್ಪಿಸುತ್ತಾರೆ. ಅಲ್ಲಿ ಸಾಕ್ಷಿದಾರರು ಒಬ್ಬೊಬ್ಬರಾಗಿ ಕಟಕಟೆಗೆ ಬರುತ್ತಾರೆ. ಸರಕಾರಿ ವಕೀಲರು ಕೇಳುತ್ತಾರೆ, ಆಮೇಲೆ ಆರೋಪಿಯ ವಕೀಲರು ಪಾಟೀಸವಾಲು ಮಾಡುತ್ತಾರೆ. ಜಡ್ಜು ತೀರ್ಪು ಕೊಡುತ್ತಾರೆ. ಸಜಾ ಆದವ ಹೈಕೋರ್ಟಿಗೆ ಅಪೀಲು ಹೋಗಬಹುದು. ಬಿಡುಗಡೆ ಆದರೆ ಸರಕಾರ ಹೋಗಬಹುದು. 2009ರ ಕೊನೆಯಿಂದ ನೊಂದ ಮನೆಯವರಿಗೂ ಅಪೀಲಿನ ಹಕ್ಕು ಬಂದಿದೆ. ಗಲ್ಲಿನ ಸಜಾ ಆದರೆ ಅವನು ಅಪೀಲು ಹೋಗಲಿ ಬಿಡಲಿ, ಹೈಕೋರ್ಟು ಖಾಯಂ ಮಾಡುವ ತನಕ ಗಲ್ಲಿಗೆ ಹಾಕುವಂತಿಲ್ಲ. ಅದರ ಮೇಲೆ ಸುಪ್ರೀಂ ಕೋರ್ಟು. ಅದರ ಆಚೆ ರಾಜ್ಯಪಾಲರ, ರಾಷ್ಟ್ರಪತಿಯ ಕ್ಷಮಾದಾನ. 2024ರ ಜುಲೈ 1ರಿಂದ ಕಾನೂನಿನ ಹೆಸರುಗಳು ಬದಲಾಗಿವೆ, ಮೆಟ್ಟಿಲುಗಳು ಅವೇ.

ಇಷ್ಟು ಮೆಟ್ಟಿಲು ಯಾಕೆ? ಮಹಾರಾಷ್ಟ್ರದ ನಾಸಿಕ್ ಕಡೆ 2003ರಲ್ಲಿ ಆದ ಒಂದು ಕೇಸು ನೋಡಿರಿ. ಒಂದೇ ಮನೆಯ ಐದು ಮಂದಿಯನ್ನು ಕೊಂದರು, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಆಯಿತು. ಪೊಲೀಸರು ಅಲೆಮಾರಿ ಜಾತಿಯ ಆರು ಬಡವರನ್ನು ಹಿಡಿದರು. 2006ರಲ್ಲಿ ಸೆಷನ್ಸ್ ಕೋರ್ಟು ಆರೂ ಮಂದಿಗೆ ಗಲ್ಲು ಅಂದಿತು. 2007ರಲ್ಲಿ ಹೈಕೋರ್ಟು ಮೂವರಿಗೆ ಗಲ್ಲು ಉಳಿಸಿ, ಮೂವರಿಗೆ ಜೀವಾವಧಿ ಮಾಡಿತು. 2009ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಆರೂ ಮಂದಿಗೆ ಗಲ್ಲು ಅಂದಿತು. ಮೂರು ಕೋರ್ಟು ಮುಗಿದವು. ನಮ್ಮ ಚಹಾದಂಗಡಿಯ ಲೆಕ್ಕದಾಗ ಇನ್ನೇನು ಉಳಿದಿತ್ತು? ಆದರೂ ಆ ಕೇಸನ್ನು ಮತ್ತೆ ತೆರೆದು ನೋಡಿದರು. ಬದುಕಿ ಉಳಿದ ಹೆಣ್ಣುಮಗಳು ಪೊಲೀಸರ ಫೋಟೋ ಆಲ್ಬಮ್ಮಿನಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದಳು. ಪೊಲೀಸರು ಅದರ ಬೆನ್ನು ಹತ್ತಿರಲಿಲ್ಲ. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟು ಆರೂ ಮಂದಿಯನ್ನು ನಿರ್ದೋಷಿಗಳು ಅಂತ ಬಿಟ್ಟಿತು, ಒಬ್ಬೊಬ್ಬರಿಗೆ ಐದು ಲಕ್ಷ ರೂಪಾಯಿ ಕೊಡಿರಿ ಅಂತ ಸರಕಾರಕ್ಕೆ ಹೇಳಿತು. ಅಷ್ಟರಲ್ಲಿ ಅವರ 16 ವರ್ಷ ಹೋಗಿತ್ತು. ಹದಿನಾರು ವರ್ಷ ಯಾರೂ ತಿರುಗಿ ಕೊಡಲಾರರು. ಆದರೆ ಜೀವ ಇತ್ತು, ಮನೆಗೆ ನಡೆದು ಬಂದರು. ಅವರನ್ನು ಒಂಬತ್ತನೇ ದಿನಕ್ಕೆ ಮುಗಿಸಿದ್ದರೆ, ಸತ್ತವರಿಗೆ ನ್ಯಾಯ ಆಯಿತು ಅಂತ ನಾವು ಸಿಹಿ ಹಂಚಿರುತ್ತಿದ್ದೆವು. ನಿಜವಾಗಿ ಕೊಂದವರು ಆ ಸಿಹಿ ತಿಂದಿರುತ್ತಿದ್ದರು.

ಮೇಲಿನ ಮೆಟ್ಟಿಲು ಆರೋಪಿಗೆ ಮಾತ್ರ ಇಟ್ಟದ್ದಲ್ಲ. ಆಂಧ್ರದಲ್ಲಿ, ಆಗ ಪ್ರಕಾಶಂ ಜಿಲ್ಲೆಯಲ್ಲಿದ್ದ ಕಾರಂಚೇಡುವಿನಲ್ಲಿ 1985ರ ಜುಲೈಯಲ್ಲಿ ಆರು ಮಂದಿ ದಲಿತರ ಕೊಲೆಯಾಯಿತು. 1994ರಲ್ಲಿ ಕೆಳಗಿನ ಕೋರ್ಟು ಸಜಾ ಕೊಟ್ಟಿತು, 1998ರಲ್ಲಿ ಹೈಕೋರ್ಟು ಬಿಟ್ಟಿತು. 2008ರಲ್ಲಿ ಸುಪ್ರೀಂ ಕೋರ್ಟು ಒಬ್ಬನಿಗೆ ಜೀವಾವಧಿ, 29 ಮಂದಿಗೆ ಮೂರು ಮೂರು ವರ್ಷ ಸಜಾ ಕೊಟ್ಟಿತು. 23 ವರ್ಷ ಆಯಿತು, ಸಜಾ ಕಡಿಮೆಯಾಯಿತು ಅನ್ನಬಹುದು. ಆದರೆ ಮೂರನೇ ಮೆಟ್ಟಿಲು ಇಲ್ಲದಿದ್ದರೆ ಆ ಮನೆಗಳಿಗೆ ಅಷ್ಟೂ ಸಿಗುತ್ತಿರಲಿಲ್ಲ.

“ಹಂಗಾದ್ರ ತಡ ಆಗೋದೇ ಚಲೋ ಏನು?” ಅಂತ ಯಾರಾದರೂ ಕೇಳಬಹುದು. ಚಲೋ ಅಲ್ಲ. ಮೆಟ್ಟಿಲು ಬೇರೆ, ತಡ ಬೇರೆ. ಇದಕ್ಕೂ ನಮ್ಮ ರಾಜ್ಯದಲ್ಲೇ ಉದಾಹರಣೆ ಅದೆ. ಅದೇ 2019ರ ಜೂನ್‌ನಲ್ಲಿ ಹನಮಕೊಂಡದಲ್ಲಿ ಒಂಬತ್ತು ತಿಂಗಳ ಕೂಸಿನ ಮೇಲೆ ಅತ್ಯಾಚಾರ ಮಾಡಿ ಕೊಂದರು. ವಾರಂಗಲ್ ಕೋರ್ಟು ಆಗಸ್ಟ್ 8ಕ್ಕೆ ತೀರ್ಪು ಕೊಟ್ಟು ಗಲ್ಲು ಅಂದಿತು. ನವೆಂಬರಿನಲ್ಲಿ ತೆಲಂಗಾಣ ಹೈಕೋರ್ಟು ಅಪರಾಧ ನಿಜ ಅಂತ ಒಪ್ಪಿ, ಗಲ್ಲನ್ನು ಉಸಿರಿರುವ ತನಕ ಜೈಲು ಅಂತ ಬದಲಿಸಿತು. ಐದು ತಿಂಗಳೊಳಗೆ ಎರಡು ಮೆಟ್ಟಿಲು. ಸಾಕ್ಷಿಗಳನ್ನು ಕೇಳಿದರು, ಆರೋಪಿಗೂ ವಕೀಲರಿದ್ದರು, ಮೇಲಿನ ಕೋರ್ಟು ಮತ್ತೊಮ್ಮೆ ನೋಡಿತು. ಸರಕಾರ ಮನಸ್ಸು ಮಾಡಿದರೆ ಬೇಗ ನಡೆಸಬಹುದು ಅನ್ನುವುದು ಇದರಿಂದ ತಿಳಿಯುತ್ತದೆ. ನಾವು ಸಿಟ್ಟು ಮಾಡಬೇಕಾದದ್ದು ಖಾಲಿ ಬಿದ್ದ ಜಡ್ಜುಗಳ ಕುರ್ಚಿಗಳ ಮೇಲೆ, ಕಾರಣವಿಲ್ಲದೆ ಮುಂದೆ ಹೋಗುವ ತಾರೀಖುಗಳ ಮೇಲೆ, ಬಡವರ ಕೇಸು ಮೂಲೆಗೆ ಬೀಳುವುದರ ಮೇಲೆ. ಮೆಟ್ಟಿಲನ್ನೇ ಒಡೆಯಿರಿ ಅಂದರೆ ನಾಳೆ ನಮ್ಮ ಮನೆಯ ಹುಡುಗನೇ ಸುಳ್ಳು ಕೇಸಿನಲ್ಲಿ ಸಿಕ್ಕಾಗ ಹತ್ತಲಿಕ್ಕೆ ಏನೂ ಇರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಕೋರ್ಟಿನ ಮಾತು. ಈಗ ನಮ್ಮ ಮಾತಿಗೆ ಬರುತ್ತೇನೆ. ನಾನು ಈ ಲೇಖನ ಬರೆಯಲಿಕ್ಕೆ ಕೂತದ್ದೇ ಇದಕ್ಕೆ.

ಬಹಳ ಮಂದಿ ತಿಳಕೊಂಡಿರುವುದು ಏನಂದರೆ, ಹೈಕೋರ್ಟಿನಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಎಲ್ಲ ಸಾಕ್ಷಿಗಳನ್ನು ಕರೆದು ಕೇಳುತ್ತಾರೆ ಅಂತ. ಹಂಗಿಲ್ಲ. ಅಪರೂಪಕ್ಕೆ ಹೊಸ ಸಾಕ್ಷ್ಯ ತಗೊಳ್ಳುವ ಅಧಿಕಾರ ಅವರಿಗೆ ಇದೆ. ಉಳಿದಂತೆ ಮೇಲೆ ಹೋಗುವುದು ಕಾಗದ ಮಾತ್ರ. ಸೆಷನ್ಸ್ ಕೋರ್ಟಿನಲ್ಲಿ ನಮ್ಮ ಊರಿನ ರೈತನೋ ಕೂಲಿಯವಳೋ ನಿಂತು ಆಡಿದ ಮಾತನ್ನು ಬರೆದುಕೊಂಡಿರುತ್ತಾರಲ್ಲ, ಆ ಕಾಗದವನ್ನೇ ಹೈದರಾಬಾದಿನಲ್ಲಿ ಓದುತ್ತಾರೆ, ದಿಲ್ಲಿಯಲ್ಲಿ ಓದುತ್ತಾರೆ. ದೊಡ್ಡ ದೊಡ್ಡ ವಕೀಲರು ಅದರ ಒಂದೊಂದು ಸಾಲು ಹಿಡಿದು ವಾದ ಮಾಡುತ್ತಾರೆ. ಆದರೆ ಆ ಸಾಲನ್ನು ಹುಟ್ಟಿಸುವ ಶಕ್ತಿ ಅವರಿಗಿಲ್ಲ. ಅದು ಹುಟ್ಟುವುದು ಮೊದಲ ಮೆಟ್ಟಿಲಿನಲ್ಲಿ, ನಮ್ಮ ಬಾಯಿಂದ.

ತೊಗರಿ ರಾಶಿ ಮಾಡುವವರಿಗೆ ಇದು ಬೇಗ ತಿಳಿಯುತ್ತದೆ. ಬಡಿಯುತ್ತೇವೆ, ಗಾಳಿಗೆ ತೂರುತ್ತೇವೆ, ಸಾಣಿಗಿ ಹಿಡಿಯುತ್ತೇವೆ, ಮೊರದಲ್ಲಿ ಕೇರುತ್ತೇವೆ. ಒಂದೇ ಕಾಳಿಗೆ ನಾಲ್ಕು ಸಲ ಯಾಕೆ ಅಂತ ಯಾರೂ ಕೇಳುವುದಿಲ್ಲ, ಹರಳು ಹೋಗಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಹೊಲದಿಂದ ಕಾಳೇ ಬಾರದಿದ್ದರೆ ಸಾಣಿಗಿ ಏನು ಮಾಡೀತು?

ಕರ್ನಾಟಕದ ಕಂಬಾಲಪಲ್ಲಿಯಲ್ಲಿ ಹೀಗೇ ಆಯಿತು. ಚಿಂತಾಮಣಿ ತಾಲೂಕಿನ ಹಳ್ಳಿ ಅದು, ಆಗ ಕೋಲಾರ ಜಿಲ್ಲೆಯಲ್ಲಿತ್ತು. ನಮ್ಮ ಹಂಗೇ ಕನ್ನಡ, ತೆಲುಗು ಎರಡೂ ಆಡುವ ಗಡಿ ಸೀಮೆ. 2000ದ ಮಾರ್ಚ್ 11ರಂದು ಅಲ್ಲಿ ಮನೆಗೆ ಬೆಂಕಿ ಹಚ್ಚಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಮಂತ್ರಿಗಳು ಬಂದರು, ಪೇಪರಿನವರು ಬಂದರು. ಕೇಸು ಕೋರ್ಟಿಗೆ ಹೋಯಿತು. ಸಾಕ್ಷಿ ಹೇಳುವ ದಿನ ಬಂದಾಗ ಸಾಕ್ಷಿದಾರರು ತಿರುಗಿ ಬಿದ್ದರು. ನೋಡಿಲ್ಲ, ಗೊತ್ತಿಲ್ಲ ಅಂದರು. 2006ರಲ್ಲಿ ಕೋಲಾರದ ಕೋರ್ಟು ಆರೋಪಿಗಳನ್ನು ಬಿಟ್ಟಿತು. ಅಪೀಲು ಹೋಯಿತು. 2014ರಲ್ಲಿ ಹೈಕೋರ್ಟೂ ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಏಳು ಜೀವ ಬೆಂದದ್ದು ಸುಳ್ಳಲ್ಲ. ಆದರೆ ಕಾಗದದಲ್ಲಿ ಯಾರೂ ಸುಟ್ಟಿಲ್ಲ.

ಆ ಸಾಕ್ಷಿದಾರರನ್ನು ನಾನು ಬೈಯಲಾರೆ. ಊರಲ್ಲಿ ಇರುವವರಿಗೆ ಅವರ ಕಷ್ಟ ಗೊತ್ತು. ಸಾಕ್ಷಿ ಹೇಳಿದವ ಸಂಜೆ ಬಸ್ಸು ಹತ್ತಿ ಅದೇ ಊರಿಗೆ ಬರಬೇಕು. ಅವನು ಕೂಲಿಗೆ ಹೋಗುವ ಹೊಲ ಆರೋಪಿಯ ಅಣ್ಣನದು. ನೀರು ಬಿಡುವವ ಆರೋಪಿಯ ಸೋದರಳಿಯ. ಮಗಳ ಮದುವೆ ಇನ್ನೂ ಆಗಿಲ್ಲ. ವರ್ಷಗಟ್ಟಲೆ ಪೇಶಿ ಎಳೆಯುವಾಗ ಒಬ್ಬರಾದ ಮೇಲೆ ಒಬ್ಬರು ಬಂದು “ಸತ್ತವ ಸತ್ತ, ನೀ ಯಾಕ ಇದ್ದವರ ವೈರ ಕಟ್ಟಿಕೊಳ್ತಿ ತಮ್ಮಾ” ಅಂತಾರೆ. ಒಬ್ಬಂಟಿ ಮನುಷ್ಯ ಎಷ್ಟು ದಿನ ತಡೆದಾನು? ಕೇಸು ತಡವಾದಷ್ಟೂ ಸಾಕ್ಷಿಯ ಮೇಲೆ ಭಾರ ಹೆಚ್ಚು. ತಡ ಕೆಟ್ಟದ್ದು ಅನ್ನಲಿಕ್ಕೆ ಇದೇ ದೊಡ್ಡ ಕಾರಣ.

ಆದರೆ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಅವನು ಒಬ್ಬಂಟಿ ಆದದ್ದು ಹೇಗೆ? ಕೊಲೆಯಾದ ದಿನ ಊರೆಲ್ಲ ಸೇರಿತ್ತು. “ಗಲ್ಲಿಗೆ ಹಾಕ್ರಿ” ಅಂತ ನೂರು ಬಾಯಿ ಕೂಗಿದ್ದವು. ಸಾಕ್ಷಿ ಹೇಳುವ ದಿನ ಬಸ್ ಸ್ಟ್ಯಾಂಡಿನಲ್ಲಿ ಅವನ ಜೊತೆ ನಿಂತವರು ಎಷ್ಟು ಮಂದಿ? ಮೂರು ಕೋರ್ಟು ಯಾಕೆ ಅಂತ ಕೇಳುವ ನಾವು ಮೊದಲನೇ ಕೋರ್ಟಿಗೇ ಹೋಗುವುದಿಲ್ಲ. ಗುಂಡು ಹೊಡೆದರೆ ಹೂ ಎರಚಲಿಕ್ಕೆ ಬರುವವರು, ಸತ್ಯ ಹೇಳುವವನ ಜೊತೆ ಬಸ್ಸು ಹತ್ತಲಿಕ್ಕೆ ಬರುವುದಿಲ್ಲ. ನಮ್ಮ ಸಿಟ್ಟಿಗೆ ಖರ್ಚು ಇಲ್ಲ, ಸತ್ಯಕ್ಕೆ ಖರ್ಚು ಅದೆ.

ಜೊತೆ ಸಿಕ್ಕರೆ ಮಾತು ನಿಲ್ಲುತ್ತದೆ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಕ್ಷೌರದಂಗಡಿಗೆ, ಹೋಟೆಲಿಗೆ ಬಿಟ್ಟುಕೊಳ್ಳದ ಜಗಳ ಅದರ ಹಿಂದೆ ಇತ್ತು. ಕೇಸು ಹತ್ತು ವರ್ಷ ನಡೆಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 101 ಮಂದಿಗೆ ಸಜಾ ಕೊಟ್ಟಿತು, ಅದರಲ್ಲಿ 98 ಮಂದಿಗೆ ಜೀವಾವಧಿ. ಮುಂದಿನ ತಿಂಗಳೇ ಅವರಲ್ಲಿ ಬಹಳ ಮಂದಿಗೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಜಾಮೀನು ಸಿಕ್ಕಿತು. ಅದನ್ನು ಓದಿ “ಎಲ್ಲಾ ಬಿಟ್ರು ನೋಡ್ರಿ, ಏನು ಉಪಯೋಗ” ಅನ್ನಬೇಡಿರಿ. ಜಾಮೀನು ಅಂದರೆ ನಿರ್ದೋಷಿ ಅಂತಲ್ಲ, ಅಪೀಲು ಮುಗಿಯುವ ತನಕ ಹೊರಗಿರುವುದು. ಹತ್ತು ವರ್ಷ ಆದ ಮೇಲೂ ಮೇಲಿನ ಕೋರ್ಟಿನಲ್ಲಿ ಓದಲಿಕ್ಕೆ ಅಲ್ಲಿ ಸಾಕ್ಷಿಗಳ ಮಾತು ಇದೆ. ಕಂಬಾಲಪಲ್ಲಿಯಲ್ಲಿ ಓದಲಿಕ್ಕೆ ಏನೂ ಉಳಿದಿರಲಿಲ್ಲ.

ನಮ್ಮ ಗಡಿ ಸೀಮೆಯವರಿಗೆ ಇನ್ನೊಂದು ತೊಡಕು, ಭಾಷೆಯದು. ಕೊಡಂಗಲ್, ತಾಂಡೂರು ತಾಲೂಕುಗಳು 1956ರ ತನಕ ಗುಲ್ಬರ್ಗ ಜಿಲ್ಲೆಯಲ್ಲಿದ್ದವು. ನಿಜಾಮರ ಕಾಲದಲ್ಲಿ ಅದಾಲತ್ತಿನ ಭಾಷೆ ಉರ್ದು. ರಾಜ್ಯಗಳು ಬೇರೆಯಾದಾಗ ನಮ್ಮ ಕಡೆಯವರ ಕೋರ್ಟು ಕಚೇರಿ ದಾರಿ ಮಹಬೂಬ್‌ನಗರಕ್ಕೆ ತಿರುಗಿತು, 2016ರಲ್ಲಿ ವಿಕಾರಾಬಾದ್ ಜಿಲ್ಲೆಯಾಯಿತು. ಮನೆಯಲ್ಲಿ ಕನ್ನಡ ಆಡುವವರ ಮಾತು ಈಗ ತೆಲುಗಿಗೋ ಇಂಗ್ಲಿಷಿಗೋ ಇಳಿದು ಕಾಗದವಾಗುತ್ತದೆ. ಅಲ್ಲಿ ಒಂದು ಶಬ್ದ ಜಾರಿದರೆ ಮೂರು ಕೋರ್ಟಿನಲ್ಲೂ ಜಾರಿದ್ದೇ ಉಳಿಯುತ್ತದೆ. ನಮ್ಮ ಕಡೆ “ಸಾಯಂಗ ಬಡದ” ಅಂದರೆ ಜೋರಾಗಿ ಬಡಿದ ಅಂತಷ್ಟೇ ಅರ್ಥ. ಕಾಗದದಲ್ಲಿ “ಸಾಯಲೆಂದು ಹೊಡೆದ” ಅಂತ ಬಂದರೆ ಕಲಮೇ ಬೇರೆಯಾಗುತ್ತದೆ. “ಕಂಡೆ” ಅಂದದ್ದು, “ಕೇಳಿದೆ” ಅಂದದ್ದು ಅದಲು ಬದಲಾದರೆ ಕೇಸೇ ಬೀಳುತ್ತದೆ. ಸಾಕ್ಷಿಯ ಮಾತು ಅವನಿಗೆ ತಿಳಿಯದ ಭಾಷೆಯಲ್ಲಿ ಬರೆದಿದ್ದರೆ, ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿಸಬೇಕು ಅಂತ ಕಾನೂನಿದೆ. ಕೇಳುವ ಹಕ್ಕು ನಮ್ಮದು. “ಸಾಹೇಬರೇ, ಏನು ಬರೆದಿರಿ, ಒಮ್ಮೆ ಕನ್ನಡದಾಗ ಹೇಳಿಸ್ರಿ” ಅನ್ನಲಿಕ್ಕೆ ನಾಚಬಾರದು. ಅಪರಾಧಿಗಾಗಲಿ ನೊಂದವರಿಗಾಗಲಿ, ಆ ಒಂದು ಮಾತಿನಿಂದ ಉಪಕಾರವಾಗುತ್ತದೆ.

ಹಂಗಾದರೆ ನಮ್ಮಂಥವರು ಏನು ಮಾಡಬಹುದು? ಕೋರ್ಟು ಸರಿ ಮಾಡುವುದು ನಮ್ಮ ಕೈಯಲ್ಲಿಲ್ಲ. ಆದರೆ ಈ ವಾಚನಾಲಯದಿಂದಲೇ ಮೂರು ಕೆಲಸ ಆಗಬಹುದು ಅಂತ ನಾನು ಸೂಚಿಸುತ್ತೇನೆ.

ಒಂದು, ಸಾಕ್ಷಿ ಹೇಳಲಿಕ್ಕೆ ಹೋಗುವವರ ಜೊತೆ ಊರಿನ ಇಬ್ಬರು ಹೋಗಬೇಕು. ಅವರು ಯಾವ ಪಾರ್ಟಿಯವರೂ ಆಗಿರಬಾರದು, ಏನು ಹೇಳು ಅಂತ ಕಲಿಸಲೂಬಾರದು. ಸುಮ್ಮನೆ ಜೊತೆಗಿದ್ದು ಬರಬೇಕು. ಕೋರ್ಟಿನ ವರಾಂಡದಲ್ಲಿ ಪಕ್ಕದಲ್ಲಿ ಒಬ್ಬ ಕೂತಿದ್ದರೆ ಎದೆ ಬಡಿತ ಅರ್ಧ ಕಡಿಮೆಯಾಗುತ್ತದೆ.

ಎರಡು, ಹೆದರಿಕೆ ಇರುವ ಸಾಕ್ಷಿಗಳಿಗೆ ರಕ್ಷಣೆ ಕೇಳುವ ದಾರಿ ಇದೆ ಅಂತ ಎಲ್ಲರಿಗೂ ತಿಳಿಯಬೇಕು. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣೆಯ ಯೋಜನೆಯನ್ನು ಒಪ್ಪಿ, ಇದು ದೇಶಕ್ಕೆಲ್ಲ ಕಾನೂನಿನ ಹಂಗೇ ನಡೆಯಬೇಕು ಅಂದಿದೆ. ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುವ ಕಾನೂನು ಸೇವಾ ಪ್ರಾಧಿಕಾರ ಜಿಲ್ಲೆಗೊಂದು ಇದೆ. ಇವನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬರೆದು ಗೋಡೆಗೆ ಹಚ್ಚಬಹುದು. ಮಾಸ್ತರರು ಮನಸ್ಸು ಮಾಡಿದರೆ ಒಂದು ದಿನದ ಕೆಲಸ.

ಮೂರು, ಮಕ್ಕಳಿಗೆ ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ಫರಕು ಕಲಿಸಬೇಕು. ಶಾಲೆಯಲ್ಲಿ ಸಣ್ಣ ಜಗಳ ಆದಾಗ ಮಾಸ್ತರರು “ಯಾರು ನೋಡಿದಿರಿ?” ಅಂತ ಕೇಳಿ, ನೋಡಿದವನ ಮಾತನ್ನು ಮಾತ್ರ ತಗೊಂಡು, ಹೊಡೆಸಿಕೊಂಡವನನ್ನೂ ಹೊಡೆದವನನ್ನೂ ಕೇಳಿ ತೀರ್ಮಾನ ಮಾಡಿದರೆ, ಆ ಮಗು ದೊಡ್ಡದಾದ ಮೇಲೆ ಮೂರು ಕೋರ್ಟು ಯಾಕೆ ಅಂತ ಕೇಳುವುದಿಲ್ಲ. ಅದಕ್ಕೆ ಆಗಲೇ ಗೊತ್ತಿರುತ್ತದೆ.

ಸತ್ಯ ಹೇಳಿದವರು ಗೆಲ್ಲುತ್ತಾರೆ ಅಂತ ನಾನು ಭರವಸೆ ಕೊಡಲಾರೆ. ಸತ್ಯ ಹೇಳಿದರೂ ಕೇಸು ಬಿದ್ದದ್ದುಂಟು, ಹೇಳಿದವರು ಊರು ಬಿಟ್ಟದ್ದುಂಟು. ಆದರೆ ಹೇಳದೇ ಹೋದ ಮಾತನ್ನು ಯಾವ ದೊಡ್ಡ ಕೋರ್ಟೂ ಹುಡುಕಿ ತರಲಾರದು. ಅದಕ್ಕೇ ನಮ್ಮ ಊರಿನ ಯಾರಿಗಾದರೂ ಕೋರ್ಟಿನಿಂದ ಸಾಕ್ಷಿಯ ಸಮನ್ಸು ಬಂದರೆ, ಅವರ ಮನೆಯ ಕಟ್ಟೆಗೆ ಹೋಗಿ “ಎಂದು ಹೋಗಬೇಕು ಅಣ್ಣಾ, ನಾವೂ ಬರ್ತೀವಿ” ಅಂತ ಹೇಳಿ ಬರೋಣ. ತಾರೀಖು ಮುಂದೆ ಹೋದರೆ ಮತ್ತೊಮ್ಮೆ ಹೋಗೋಣ.